ಜಗಲಿ ಅಳೆದ ಹುಡುಗಿಯರು

ಚಿಂತಾಮಣಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆ ವರ್ಷ ಐಚ್ಛಿಕ ಗಣಿತ ತೆಗೆದುಕೊಂಡಿದ್ದವರು ಮೂವರೇ ಹುಡುಗಿಯರು. ಉಳಿದವರೆಲ್ಲ ಪಕ್ಕದ ಕೋಣೆಯಲ್ಲಿ ಗೃಹವಿಜ್ಞಾನ ಕಲಿಯುತ್ತಿದ್ದರು. ನಾನು ಹಲಗೆಯ ಮೇಲೆ ತ್ರಿಕೋನ ಬರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಮೂವರೂ ಒಟ್ಟಿಗೆ ಸೀನುತ್ತಿದ್ದರು, ನಾನೂ ಸೀನುತ್ತಿದ್ದೆ, ಪಾಠ ಮುಂದುವರಿಯುತ್ತಿತ್ತು.

ಅವತ್ತು ಹಲಗೆಯ ಮೇಲೆ ಒಂದು ಸಮುದ್ರ, ದಂಡೆಯಲ್ಲೊಂದು ದೀಪಸ್ತಂಭ, ಅದರ ತುದಿಯಿಂದ ಹಡಗನ್ನು ನೋಡುವ ಒಬ್ಬ ಮನುಷ್ಯ. ಹಡಗು ಎಷ್ಟು ದೂರದಲ್ಲಿದೆ ಎಂಬುದು ಲೆಕ್ಕ. ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. ಬಜಾರ್ ಬೀದಿಯ ಕಡಲೆಕಾಯಿ ಮಂಡಿಯವರ ಮೊಮ್ಮಗಳು. ಶಾಲೆಯಲ್ಲಿ ಎಲ್ಲರೂ ಅವಳನ್ನು ಮಂಡಿ ಹುಡುಗಿ ಎಂದೇ ಕರೆಯುತ್ತಿದ್ದರು.

"ಟೀಚರ್, ನೀವು ದೀಪಸ್ತಂಭ ನೋಡಿದ್ದೀರಾ?"

"ಇಲ್ಲಮ್ಮ."

"ಸಮುದ್ರ?"

"ಅದೂ ಇಲ್ಲ."

"ನಾವೂ ನೋಡಿಲ್ಲ. ಮತ್ತೆ ಯಾರಿಗೋಸ್ಕರ ಟೀಚರ್ ಇದನ್ನ ಅಳೀತಿದೀವಿ?"

ಬಿ.ಎಸ್ಸಿ. ಓದುವಾಗ ನನ್ನ ತಲೆಗೆ ಬಾರದ ಪ್ರಶ್ನೆ ಇದು. ಸುಮ್ಮನೆ ಕೂರಿಸಬಹುದಿತ್ತು. ಆದರೆ ಚಿಕ್ಕಬಳ್ಳಾಪುರದಲ್ಲಿ ನಡೆಯಲಿದ್ದ ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ನಾವೇನು ಕಳಿಸುವುದೆಂದು ಹೆಡ್‌ಮಿಸ್ಟ್ರೆಸ್ ಅಂದೇ ಬೆಳಿಗ್ಗೆ ಕೇಳಿದ್ದರು. ಹಿಂದಿನ ವರ್ಷ ನಮ್ಮಿಂದ ಹೋಗಿದ್ದು ಕಸೂತಿ ಹಾಕಿದ ಎರಡು ದಿಂಬಿನ ಚೀಲ ಮತ್ತು ಒಂದು ಜಾಡಿ ನಿಂಬೆಕಾಯಿ ಉಪ್ಪಿನಕಾಯಿ. ವಿಜ್ಞಾನ ಎಲ್ಲಿದೆ ಎಂದು ಯಾರೋ ಕೇಳಿದ್ದಕ್ಕೆ, ಉಪ್ಪಿನಕಾಯಿ ಕೆಡದಿರುವುದೇ ವಿಜ್ಞಾನ ಎಂದು ಹೆಡ್‌ಮಿಸ್ಟ್ರೆಸ್ ಉತ್ತರ ಕೊಟ್ಟು ಬಂದಿದ್ದರಂತೆ.

"ಹಾಗಾದರೆ ನಮ್ಮೂರನ್ನೇ ಅಳೆಯೋಣ. ಬಜಾರ್ ಬೀದಿಯ ನಕ್ಷೆ ಬರೆಯೋಣ" ಎಂದೆ.

ಮಂಡಿ ಹುಡುಗಿ ಕೂರಲಿಲ್ಲ. "ದಿನಾ ಇದೇ ಕೆಲಸ ಮಾಡೋರು ಇದಾರಾ ಟೀಚರ್?"

"ಇದ್ದಾರೆ. ಇಂಜಿನಿಯರುಗಳು."

"ಹೆಂಗಸ್ರು?"

ಬೆಂಗಳೂರಿನಲ್ಲಿ ಒಬ್ಬಿಬ್ಬರು ಹುಡುಗಿಯರು ಇಂಜಿನಿಯರಿಂಗ್ ಓದುತ್ತಿದ್ದಾರೆಂದು ನಾನು ಕೇಳಿದ್ದೆ, ಕಂಡಿರಲಿಲ್ಲ. ದೀಪಸ್ತಂಭದ ಹಾಗೆಯೇ. "ಇದ್ದಾರೆ" ಎಂದೆ.

"ಹಾಗಾದ್ರೆ ನಾನೂ ಆಗ್ತೀನಿ" ಎಂದು ಹೇಳಿ ಕೂತುಕೊಂಡಳು, ಹೋಟೆಲಿನಲ್ಲಿ ನನಗೂ ಒಂದು ದೋಸೆ ಎನ್ನುವ ಹಾಗೆ.

ಅವಳ ತಾತ, ಮಂಡಿ ಯಜಮಾನರು, ಮನೆ ಮುಂದಿನ ಜಗಲಿಯ ಮೇಲೆ ಇಡೀ ದಿನ ಕೂತಿರುತ್ತಿದ್ದರು. ಆ ಬೀದಿಯಲ್ಲಿ ಅಷ್ಟು ಅಗಲದ ಜಗಲಿ ಇನ್ನೊಂದಿರಲಿಲ್ಲ. ಎರಡು ಎತ್ತಿನಗಾಡಿ ಎದುರುಬದುರಾದರೆ ಒಂದು ಗಾಡಿ ಅವರ ಜಗಲಿಯ ಅಪ್ಪಣೆ ಪಡೆದೇ ಮುಂದೆ ಹೋಗಬೇಕಿತ್ತು. ನಾನು ಮಾತಾಡಲು ಹೋದಾಗ ಎದ್ದು ಕೈಮುಗಿದರು, ಮಜ್ಜಿಗೆ ತರಿಸಿದರು. ಇಂಜಿನಿಯರ್ ಎಂಬ ಮಾತು ಬಂದ ಮೇಲೆ ಮೀಸೆ ಒರೆಸಿಕೊಂಡರು.

"ನೋಡಮ್ಮ ಟೀಚರಮ್ಮ, ಇಂಜಿನಿಯರ್ ಅಂದ್ರೆ ನಂಗೊತ್ತಿಲ್ವಾ? ನಿಮ್ ಸ್ಕೂಲ್ ಗೋಡೆ ಮೇಲೆ ಪಟ ಐತಲ್ಲ, ಪೇಟ ಕಟ್ಕೊಂಡಿರೋರು, ಇಲ್ಲೇ ಮುದ್ದೇನಹಳ್ಳಿಯೋರು. ಅದು ಇಂಜಿನಿಯರು ಅಂದ್ರೆ. ನಮ್ ಹುಡುಗಿ ತಲೆ ಮೇಲೆ ಪೇಟ ಇಟ್ರೆ ಚೆನ್ನಾಗಿರ್ತದಾ, ನೀನೇ ಹೇಳು."

"ಪೇಟ ಕಟ್ಟಲೇಬೇಕು ಅಂತೇನಿಲ್ಲ ಯಜಮಾನ್ರೇ."

"ಪೇಟ ಇಲ್ದಿದ್ರೆ ಮಾತು ಯಾರು ಕೇಳ್ತಾರೆ?"

ಒಳಗಿನಿಂದ ಅಜ್ಜಿಯ ದನಿ ಬಂತು: "ನಿಮ್ಗೂ ಪೇಟ ಇಲ್ಲ. ಅದಕ್ಕೇ ನಾನು ನಿಮ್ ಮಾತು ಕೇಳಲ್ಲ."

ಯಜಮಾನರು ಅದನ್ನು ಕೇಳಿಸಿಕೊಳ್ಳದವರಂತೆ ದನಿ ತಗ್ಗಿಸಿದರು. ಗೌರಿಬಿದನೂರಿನಲ್ಲಿ ಒಂದು ಒಳ್ಳೆಯ ಸಂಬಂಧವಿದೆ, ಎಸ್‌ಎಸ್‌ಎಲ್‌ಸಿ ಮುಗಿಯುವುದನ್ನೇ ಕಾಯುತ್ತಿದ್ದಾರೆ ಎಂದರು. ಬೀದಿ ಅಳೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ, ಮಕ್ಕಳಾಟ ತಾನೇ ಎಂದು ನಕ್ಕರು. ಈ ನಗು ಬಹಳ ದಿನ ಉಳಿಯಲಿಲ್ಲ.

ಅಳತೆಯ ಸಾಮಾನು ಲೋಕೋಪಯೋಗಿ ಇಲಾಖೆಯ ಓವರ್‌ಸೀಯರ್ ಒಬ್ಬರ ಹತ್ತಿರ ಸಿಕ್ಕಿತು. "ಸರಪಳಿ ಭಾರ ಐತೆ ಟೀಚರ್, ಹುಡುಗೀರು ಎಳೀತಾರಾ?" ಎಂದು ಅನುಮಾನಪಟ್ಟರು. "ದಿನಾ ಬಾವಿಯಿಂದ ನೀರು ಸೇದುವವರು ಅವರೇ ಅಲ್ಲವೇ ಸಾರ್" ಎಂದೆ. ಕೊಟ್ಟರು. ಜೊತೆಗೆ ಒಂದು ಉಪದೇಶವನ್ನೂ ಕೊಟ್ಟರು: ಕಾಗದವನ್ನು ಮೇಕೆಗಳಿಂದ ಕಾಪಾಡಿಕೊಳ್ಳಿ.

ಕೆಲಸದ ಕ್ರಮ ಸರಳ. ಮೂರು ಕಾಲಿನ ಮೇಲೆ ಒಂದು ಹಲಗೆ, ಹಲಗೆಗೆ ಅಂಟಿಸಿದ ದಪ್ಪ ಕಾಗದ. ಹಲಗೆಯನ್ನು ಮಟ್ಟ ಮಾಡಿ, ದಿಕ್ಸೂಚಿ ನೋಡಿ ಉತ್ತರಕ್ಕೆ ತಿರುಗಿಸಬೇಕು. ಎರಡು ತುದಿಯಲ್ಲಿ ಸೀಳುಗಣ್ಣಿರುವ ಒಂದು ಪಟ್ಟಿಯ ಮೂಲಕ ಅಂಗಡಿಯ ಮೂಲೆಯನ್ನು ನೋಡಿ, ಆ ನೇರಕ್ಕೆ ಕಾಗದದ ಮೇಲೆ ಗೆರೆ ಎಳೆಯಬೇಕು. ಆಮೇಲೆ ಬೀದಿಯಲ್ಲಿ ಮುಂದಕ್ಕೆ ನೆಟ್ಟ ಕೆಂಪು ಬಿಳಿ ಕೋಲಿನವರೆಗೆ ಸರಪಳಿಯಿಂದ ಅಳೆದು, ಹಲಗೆಯನ್ನು ಅಲ್ಲಿಗೆ ಸಾಗಿಸಿ, ಅದೇ ಮೂಲೆಯನ್ನು ಮತ್ತೆ ನೋಡಿ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಕಡೆ ಆ ಅಂಗಡಿಯ ಮೂಲೆ.

ಮೊದಲ ಪ್ರಯೋಗ ಶಾಲೆಯ ಆಟದ ಬಯಲಿನಲ್ಲಿ. ಬಯಲನ್ನು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದೆವು. ಕಾಗದದ ಮೇಲೆ ಮಾತ್ರ ಬೇರೆಲ್ಲಿಗೋ ಬಂದಿದ್ದೆವು. ನಮ್ಮ ನಕ್ಷೆಯ ಪ್ರಕಾರ ಹೆಡ್‌ಮಿಸ್ಟ್ರೆಸ್ಸರ ಕೋಣೆ ಕಾಂಪೌಂಡಿನ ಆಚೆ ರಸ್ತೆಯಲ್ಲಿತ್ತು. ಮತ್ತೆ ಸುತ್ತಿದೆವು. ಈ ಸಲ ಕೋಣೆ ಒಳಗೆ ಬಂತು, ಬಾವಿ ಹೊರಗೆ ಹೋಯಿತು.

ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ತಪ್ಪುತ್ತದೆಂದು ನಾನೇ ಪಾಠ ಮಾಡಿದ್ದೆ. ಸರಪಳಿಯನ್ನು ದೂರ ಇಟ್ಟೆವು. ಕೊಡೆಗಳನ್ನು ದೂರ ಇಟ್ಟೆವು. ಮೂವರಲ್ಲಿ ಎರಡನೆಯವಳು, ಅಂಚೆ ಮಾಸ್ತರರ ಮಗಳು, ತಲೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಹಾಕಿ ಜಡೆ ಬಿಚ್ಚಿಕೊಂಡು ನಿಂತಳು. ಮುಳ್ಳು ಓಲಾಡುತ್ತಲೇ ಇತ್ತು. ಕೊನೆಗೆ ಮಂಡಿ ಹುಡುಗಿ ಸಂಕೋಚದಿಂದ ಹೇಳಿದಳು:

"ಟೀಚರ್, ಬೇಜಾರ್ ಮಾಡ್ಕೋಬೇಡಿ. ನೀವು ಆ ಕಡೆ ಹೋದ್ರೆ ಮುಳ್ಳೂ ಆ ಕಡೆ ಹೋಗುತ್ತೆ, ಈ ಕಡೆ ಬಂದ್ರೆ ಈ ಕಡೆ. ಅದು ಉತ್ತರ ನೋಡ್ತಿಲ್ಲ, ನಿಮ್ಮನ್ನೇ ನೋಡ್ತಿದೆ."

ನನ್ನ ಸೊಂಟದಲ್ಲಿ ಶಾಲೆಯ ಎಲ್ಲ ಬೀರುಗಳ ಬೀಗದ ಕೈಗೊಂಚಲಿತ್ತು. ಅದನ್ನು ತೆಗೆದು ಗೃಹವಿಜ್ಞಾನದ ಟೀಚರಿಗೆ ಕೊಟ್ಟು ಬಂದೆ. ಮೂರನೆಯ ಸುತ್ತಿಗೆ ಬಯಲಿನ ನಕ್ಷೆ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಕೂಡಿತು. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮೂರನೆಯ ಹುಡುಗಿ ಹಲಗೆಗೆ ಕುಂಕುಮ ಹಚ್ಚಿದಳು.

ಬಜಾರ್ ಬೀದಿಗೆ ಇಳಿದದ್ದು ಒಂದು ಭಾನುವಾರ ಬೆಳಿಗ್ಗೆ. ನಾವು ಮೊದಲ ಕೋಲು ನೆಟ್ಟದ್ದೇ ತಡ, ಬಟ್ಟೆ ಅಂಗಡಿಯವರು ಗಲ್ಲಾ ಬಿಟ್ಟು ಎದ್ದು ಬಂದರು.

"ಎಷ್ಟು ಅಡಿ ಹೋಗ್ತದಮ್ಮಾ?"

"ಏನು ಹೋಗೋದು?"

"ಅಂಗಡಿ."

"ಏನೂ ಹೋಗಲ್ಲ. ಇದು ಶಾಲೆ ಮಕ್ಕಳ ಪ್ರದರ್ಶನಕ್ಕೆ."

ಅವರು ಕಣ್ಣು ಕಿರಿದು ಮಾಡಿ ನಕ್ಕರು. "ಅರ್ಥ ಆಯ್ತು ಬಿಡಿ. ಹೇಳಬಾರ್ದು ಅಂತ ಆರ್ಡರ್ ಇರ್ತದೆ."

ಸ್ವಲ್ಪ ಹೊತ್ತಿನಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತು. ರಸ್ತೆ ಅಗಲ ಮಾಡುತ್ತಾರೆ, ಗುಟ್ಟಾಗಿ ಅಳೆಯಲಿಕ್ಕೆಂದೇ ಹೆಣ್ಣುಮಕ್ಕಳನ್ನು ಕಳಿಸಿದ್ದಾರೆ. ನಾನು ಅಲ್ಲ ಅಲ್ಲ ಎಂದಷ್ಟೂ ಅದು ಹೌದಾಗುತ್ತಾ ಹೋಯಿತು. ಹೋಟೆಲಿನಿಂದ ಬೋಂಡ ಬಂತು. ಹೂವಿನವಳು ಮೂವರಿಗೂ ಮೊಳ ಮೊಳ ಮಲ್ಲಿಗೆ ಮುಡಿಸಿದಳು. ಪಾತ್ರೆ ಅಂಗಡಿಯವರು ನೆರಳಿಗೆಂದು ತಮ್ಮ ದೊಡ್ಡ ಛತ್ರಿ ತಂದು ಹಿಡಿದರು. ಅದರ ಕಡ್ಡಿಗಳಿಗೆ ಮುಳ್ಳು ತಿರುಗಿತೆಂದು ನಾವೇ ಬೇಡಿಕೊಂಡು ವಾಪಸು ಕಳಿಸಬೇಕಾಯಿತು.

"ಟೀಚರ್, ಇಂಜಿನಿಯರ್ ಕೆಲ್ಸದಲ್ಲಿ ದಿನಾ ಬೋಂಡ ಕೊಡ್ತಾರಾ?" ಎಂದು ಶಿಡ್ಲಘಟ್ಟದ ಹುಡುಗಿ ಆಸೆಯಿಂದ ಕೇಳಿದಳು.

ನಮ್ಮ ಮೂರನೆಯ ಕೋಲು ಮಂಡಿ ಯಜಮಾನರ ಜಗಲಿಯ ಅಂಚಿಗೆ ಬಂತು. ಅವರ ನಗು ಆಗಲೇ ಮಾಯವಾಗಿತ್ತು. ಸರ್ಕಾರ ಆಗಷ್ಟೇ ಗಜ, ಸೇರು ಬಿಡಿಸಿ ಮೀಟರು, ಕಿಲೋ ತಂದಿದ್ದ ಕಾಲ. ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಟೀಚರಮ್ಮಾ, ಮೀಟರಲ್ಲಿ ಅಳದ್ರೆ ಜಗಲಿ ಏನಾದ್ರೂ ಚಿಕ್ಕದಾಯ್ತದಾ?"

"ಇಲ್ಲ ಯಜಮಾನ್ರೇ. ಎಷ್ಟಿದೆಯೋ ಅಷ್ಟೇ."

"ಅದೇ ಕಷ್ಟ" ಎಂದರು.

ಮಧ್ಯಾಹ್ನ ಅಜ್ಜಿ ನಮ್ಮನ್ನೆಲ್ಲ ಒಳಗೆ ಕರೆದು ಮುದ್ದೆ, ಅವರೆಕಾಳು ಸಾರು ಬಡಿಸಿದರು. ಊಟ ಮುಗಿಸಿ ಬಂದು, ಜಗಲಿಯ ಅಂಚಿನ ಕೋಲಿನ ಜಾಗದಲ್ಲಿ ಹಲಗೆ ನಿಲ್ಲಿಸಿ ಗೆರೆ ಎಳೆದರೆ, ಬಟ್ಟೆ ಅಂಗಡಿ ನಡುರಸ್ತೆಗೆ ಬಂದು ನಿಂತಿತು. ಆಂಜನೇಯನ ಗುಡಿ ಪಾತ್ರೆ ಅಂಗಡಿಯ ಹೊಟ್ಟೆಯೊಳಗೆ ಸೇರಿಕೊಂಡಿತು. ಬೀಗದ ಕೈ ನನ್ನ ಹತ್ತಿರ ಇರಲಿಲ್ಲ. ಛತ್ರಿ ಇರಲಿಲ್ಲ. ಮತ್ತೆ ಮತ್ತೆ ನೋಡಿದೆವು. ಆಂಜನೇಯ ಹೊರಗೆ ಬರಲಿಲ್ಲ. ಅಂಚೆ ಮಾಸ್ತರರ ಮಗಳಿಗೆ ಅಳು ಬಂತು. ಜನ ಸುತ್ತ ನಿಂತು, ಯಾವ ಯಾವ ಅಂಗಡಿ ಹೋಯಿತೆಂದು ನಮ್ಮ ಮುಖ ನೋಡಿಯೇ ಊಹಿಸುತ್ತಿದ್ದರು.

ಮಂಡಿ ಹುಡುಗಿ ಸರಪಳಿ ಹಿಡಿದು ಎರಡನೆಯ ಕೋಲಿನಿಂದ ಮೂರನೆಯದಕ್ಕೆ ಇನ್ನೊಮ್ಮೆ ಅಳೆದಳು. ಬೆಳಗಿನ ಅಳತೆಗೂ ಇದಕ್ಕೂ ಒಂದು ಮಾರು ವ್ಯತ್ಯಾಸ! ಆಗ ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ಅಜ್ಜಿ ಹೇಳಿದರು: "ಕೋಲು ಕಿತ್ತು ಆ ಕಡೆ ನೆಟ್ಟಿದ್ದು ನಿಮ್ ತಾತಾನೇ ಕಣೇ. ನೀವು ಮುದ್ದೆ ತಿಂತಿದ್ರಲ್ಲ, ಆವಾಗ."

ಹುಡುಗಿ ತಾತನ ಮುಂದೆ ಹೋಗಿ ನಿಂತಳು. "ತಾತ, ಕೋಲು ಕಿತ್ತಿದ್ಯಾ?"

"ಬಿದ್ದೋಗಿತ್ತು. ನಿಲ್ಲಿಸ್ದೆ."

"ಬಿದ್ದಿದ್ದ ಕಡೇನೇ ನಿಲ್ಲಿಸ್ದ್ಯಾ?"

"ಎಲ್ಲಿ ಚೆನ್ನಾಗಿ ಕಾಣ್ತದೋ ಅಲ್ಲಿ ನಿಲ್ಲಿಸ್ದೆ."

ಕೋಲನ್ನು ಮೊದಲಿನ ಗುಳಿಗೇ ನೆಟ್ಟು, ಮಧ್ಯಾಹ್ನದ ಗೆರೆಗಳನ್ನೆಲ್ಲ ಅಳಿಸಿ ಮತ್ತೆ ಎಳೆದೆವು. ಬಿಸಿಲು ಇಳಿಯುವ ಹೊತ್ತಿಗೆ ಗುಡಿ, ಅಂಗಡಿ, ಜಗಲಿ, ಮೋರಿ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು.

ಮಾರನೆಯ ದಿನ ಶಾಲೆಗೆ ವಾರ್ಡಿನ ಮೆಂಬರು ಬಂದರು. ಬೆಳಿಗ್ಗೆಯಿಂದ ಅವರ ಮನೆ ಮುಂದೆ ಅಂಗಡಿಯವರ ಗುಂಪು ಕೂತಿತ್ತಂತೆ. "ರಸ್ತೆ ಅಗಲ ಮಾಡೋ ವಿಷಯ ನನಗೇ ಗೊತ್ತಿಲ್ಲ ಅಂದ್ರೆ ಯಾರೂ ನಂಬ್ತಿಲ್ಲ. ಎಲೆಕ್ಷನ್ ಹತ್ರ ಬಂದೈತೆ. ನಿಮ್ ಕೈ ಮುಗೀತೀನಿ, ನಿಲ್ಲಿಸಿಬಿಡಿ" ಎಂದು ಹೆಡ್‌ಮಿಸ್ಟ್ರೆಸ್ಸರ ಎದುರು ನಿಜವಾಗಿಯೂ ಕೈಮುಗಿದರು. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿದರು. ಸಾಮಾನನ್ನು ಓವರ್‌ಸೀಯರಿಗೆ ಹಿಂದಿರುಗಿಸಿ, ಪ್ರದರ್ಶನಕ್ಕೆ ಬೇರೇನಾದರೂ ನೋಡೋಣ ಎಂದರು. ಉಪ್ಪಿನಕಾಯಿಯ ಕಡೆಗೆ ಅವರ ಮನಸ್ಸು ಹೊರಳುತ್ತಿದ್ದುದು ನನಗೆ ಕಾಣುತ್ತಿತ್ತು.

ಸಾಮಾನು ಕಟ್ಟಲು ತರಗತಿಗೆ ಹೋದೆ. ಮಂಡಿ ಹುಡುಗಿ ಒಬ್ಬಳೇ ನಕ್ಷೆಯ ಮುಂದೆ ಕೂತಿದ್ದಳು. ಪೆನ್ಸಿಲ್ ಗೆರೆಗಳ ಮೇಲೆ ಇಂಡಿಯನ್ ಇಂಕ್ ಹಾಕುವ ಕೆಲಸ ಮುಕ್ಕಾಲು ಮುಗಿದಿತ್ತು. ಬೀದಿಯ ಉದ್ದಕ್ಕೂ ನೇರವಾಗಿ ಬಂದ ಮೋರಿ ಅವಳ ತಾತನ ಜಗಲಿಯ ಕೆಳಗೆ ಹೋಗುತ್ತಿತ್ತು. ಮೇಲೆ ಕಲ್ಲುಚಪ್ಪಡಿ ಮುಚ್ಚಿರುವುದರಿಂದ ಒಳಗೆ ಕಾಣುವುದಿಲ್ಲ. ಆಚೆ ತುದಿಯಲ್ಲಿ ಹೊರಗೆ ಬರುವಾಗ ಅದು ಅದೇ ನೇರದಲ್ಲಿರಲಿಲ್ಲ, ಬೀದಿಯ ಕಡೆಗೆ ಸರಿದಿತ್ತು. ನಡುವೆ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ಒರಟಾಗಿತ್ತು.

"ಏನಮ್ಮ ಇದು?"

"ಎರಡು ತುದೀನೂ ಸೇರಿಸ್ಬಿಟ್ಟಿದ್ದೆ ಟೀಚರ್, ನೇರವಾಗಿ ಕಾಣೋ ಹಾಗೆ. ನಮ್ ತಾತನ ಮನೆ ಅಂತ. ಆಮೇಲೆ ಕಣ್ಣಿಗೆ ಚುಚ್ಚೋಕ್ಕೆ ಶುರುವಾಯ್ತು. ಅಳಿಸ್ದೆ."

"ಈಗೇನು ಮಾಡ್ತೀಯ?"

"ಎಲ್ಲಿ ಒಳಗೆ ಹೋಗುತ್ತೋ ಅಲ್ಲಿಗೆ ನಿಲ್ಲಿಸ್ತೀನಿ. ಎಲ್ಲಿ ಹೊರಗೆ ಬರುತ್ತೋ ಅಲ್ಲಿಂದ ಶುರು ಮಾಡ್ತೀನಿ. ನಡುವೆ ಖಾಲಿ ಬಿಡ್ತೀನಿ. ನಾವು ನೋಡಿಲ್ವಲ್ಲ."

ಕಾಣದ್ದನ್ನು ಬರೆಯಬಾರದೆಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅದನ್ನು ಯಾರಿಂದಲೂ ಹೇಳಿಕೊಡಲು ಆಗುವುದಿಲ್ಲವೆಂದು ಈಗ ತಿಳಿದಿದ್ದೇನೆ. ಸಾಮಾನು ಕಟ್ಟುವುದನ್ನು ಬಿಟ್ಟು ಹೆಡ್‌ಮಿಸ್ಟ್ರೆಸ್ಸರ ಕೋಣೆಗೆ ತಿರುಗಿ ಹೋದೆ. ಮೆಂಬರು ಇನ್ನೂ ಕಾಫಿ ಕುಡಿಯುತ್ತಿದ್ದರು.

"ಈಗ ನಿಲ್ಲಿಸಿದರೆ ಗುಟ್ಟು ನಿಜ ಅಂತಲೇ ಆಗುತ್ತೆ ಮೇಡಂ. ನಕ್ಷೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಮೊದಲು ಇಡೀ ಬೀದಿಯನ್ನೇ ಇಲ್ಲಿಗೆ ಕರೆದು ತೋರಿಸಿಬಿಡೋಣ. ಹುಡುಗಿಯರೇ ವಿವರಿಸಲಿ" ಎಂದೆ.

"ಗಲಾಟೆಯಾದರೆ?" ಎಂದರು ಹೆಡ್‌ಮಿಸ್ಟ್ರೆಸ್.

"ನಾನು ಮುಂದೆ ನಿಂತ್ಕೊಂಡು ಎಲ್ಲಾರ್ಗೂ ಹೇಳ್ತೀನಿ, ನನಗೇನೂ ಗೊತ್ತಿಲ್ಲ ಅಂತ" ಎಂದು ಮೆಂಬರು ಹುರುಪಿನಿಂದ ಎದ್ದರು. ಅವರಿಗೆ ಒಂದು ಸಭೆ ಸಿಕ್ಕಿತ್ತು. ಹೆಡ್‌ಮಿಸ್ಟ್ರೆಸ್ ಒಪ್ಪಿದರು.

ಅಂದು ಸಂಜೆ ಶಾಲೆಯ ಹಾಲಿನಲ್ಲಿ ಬಜಾರ್ ಬೀದಿಯೇ ತುಂಬಿತ್ತು. ಯಜಮಾನರು ಹಿಂದಿನ ಸಾಲಿನಲ್ಲಿ, ಅಜ್ಜಿ ಎಲ್ಲರಿಗಿಂತ ಮುಂದೆ. ಮಂಡಿ ಹುಡುಗಿ ನಕ್ಷೆಯ ಪಕ್ಕ ನಿಂತಳು. "ಇದು ಆಂಜನೇಯನ ಗುಡಿ. ಇಲ್ಲಿಂದ ಬೆರಳಿಟ್ಟುಕೊಂಡು ನಡೀರಿ, ನಿಮ್ ನಿಮ್ ಅಂಗಡಿ ಸಿಗುತ್ತೆ" ಎಂದಳು.

ಮೊದಲು ಯಾರೂ ಏಳಲಿಲ್ಲ. ಆಮೇಲೆ ಬಟ್ಟೆ ಅಂಗಡಿಯವರು ಬೆರಳಿಟ್ಟು ನಡೆದರು. ತಮ್ಮ ಅಂಗಡಿ ಸಿಕ್ಕಿದ್ದೇ ಮುಖ ಅರಳಿತು, ಮರುಕ್ಷಣ ಗಂಟಿಕ್ಕಿತು. "ಇದೇನು, ಪಾತ್ರೆ ಅಂಗಡಿ ನಂದಕ್ಕಿಂತ ಅಗಲ ಬಂದಿದೆ?" ಪಾತ್ರೆ ಅಂಗಡಿಯವರು ಎದ್ದು, ಮೊದಲಿನಿಂದಲೂ ಅಗಲವೇ ಎಂದರು. ಅರ್ಧ ಸಭೆ ಎದ್ದು ಬೀದಿಗೆ ಹೋಯಿತು. ಹುಡುಗಿಯರು ಎಲ್ಲರೆದುರು ಸರಪಳಿ ಹಿಡಿದು ಎರಡೂ ಅಂಗಡಿಗಳನ್ನು ಅಳೆದರು. ನಕ್ಷೆಯೇ ಸರಿ. ಸಭೆ ವಾಪಸು ಬಂದಾಗ ರಸ್ತೆ ಅಗಲ ಮಾಡುವ ಮಾತು ಎಲ್ಲರಿಗೂ ಮರೆತೇ ಹೋಗಿತ್ತು. ಯಾರ ಅಂಗಡಿ ಎಷ್ಟು ಎಂಬುದೊಂದೇ ಉಳಿದಿತ್ತು. ಮೆಂಬರಿಗೆ ಭಾಷಣಕ್ಕೆ ಅವಕಾಶ ಸಿಗಲಿಲ್ಲ.

ಆಗ ಪಾತ್ರೆ ಅಂಗಡಿಯವರೇ ಕೇಳಿದರು: "ಜಗಲಿ ಹತ್ರ ಮೋರಿ ಎಲ್ಲೋಯ್ತಮ್ಮ?"

ಪ್ರತಿ ಮಳೆಗೂ ಆ ಜಾಗದಲ್ಲಿ ಮೋರಿ ಕಟ್ಟಿಕೊಂಡು ಅವರ ಅಂಗಡಿಗೆ ನೀರು ನುಗ್ಗುತ್ತಿತ್ತು.

"ಚಪ್ಪಡಿ ಮುಚ್ಚಿದೆ. ಒಳಗೆ ನೋಡಕ್ಕಾಗ್ಲಿಲ್ಲ" ಎಂದಳು ಹುಡುಗಿ. "ಆದ್ರೆ ಒಳಗೆ ಹೋಗೋ ಜಾಗಕ್ಕೂ ಹೊರಗೆ ಬರೋ ಜಾಗಕ್ಕೂ ನೇರ ಇಲ್ಲ. ನಡುವೆ ಎಲ್ಲೋ ತಿರುವಿದೆ."

ಯಜಮಾನರು ಹಿಂದಿನ ಸಾಲಿನಿಂದ ಎದ್ದು ಬಂದರು. ನಕ್ಷೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಅವರು ಕಾಗದವನ್ನು ಹರಿದರೆ ಇನ್ನೊಂದು ಇರಲಿಲ್ಲ.

"ಯಾರು ಬರ್ದಿದ್ದು ಇದನ್ನ?"

"ನಾನೇ ತಾತ."

"ಚಪ್ಪಡಿ ಎತ್ತಿ ನೋಡಿದ್ಯಾ?"

"ಇಲ್ಲ. ಆಚೆಯಿಂದ ಒಂದು ಗೆರೆ, ಈಚೆಯಿಂದ ಒಂದು ಗೆರೆ."

ಅವರು ಇನ್ನೊಮ್ಮೆ ತೋರಿಸು ಎಂದರು. ತೋರಿಸಿದಳು. ಮತ್ತೊಮ್ಮೆ ಎಂದರು. ಕೊನೆಗೆ ಜನರ ಕಡೆ ತಿರುಗಿದರು. "ಜಗಲಿ ಅಗಲ ಮಾಡ್ದಾಗ ಮೋರಿ ತಿರುಗಿಸಿದ್ದು ನಾನೇನೆ. ಕಟ್ಟಿದ ಮೇಸ್ತ್ರಿ ಸತ್ತು ಕಾಲ ಆಯ್ತು. ಇನ್ಯಾರಿಗೂ ಗೊತ್ತಿಲ್ಲ ಅಂದ್ಕೊಂಡು ನೆಮ್ಮದಿಯಾಗಿದ್ದೆ. ಈ ಹುಡುಗಿ ಕಲ್ಲು ಮುಟ್ಟದೇನೇ ಕಂಡ್ಕೊಂಡ್ಬಿಟ್ಲಲ್ಲಪ್ಪಾ!" ಎಂದು ಹಣೆ ಚಚ್ಚಿಕೊಂಡರು. "ಇವ್ಳು ಊರಲ್ಲೇ ಇದ್ರೆ ನಮಗ್ಯಾರಿಗೂ ಉಳಿಗಾಲ ಇಲ್ಲ. ಬೆಂಗಳೂರಿಗೆ ಕಳ್ಸಿಬಿಡಣ, ಅಲ್ಲಿ ಜನ ಜಾಸ್ತಿ ಅವ್ರೆ."

ಹಾಲೆಲ್ಲ ನಕ್ಕಿತು. ಯಜಮಾನರು ನಗಲಿಲ್ಲ. ಕೆಲವು ದಿನಗಳಲ್ಲೇ ಚಪ್ಪಡಿಗಳು ಎದ್ದವು, ಜಗಲಿಯ ಅಂಚು ಒಡೆಯಿತು, ಮೋರಿ ನೇರವಾಯಿತು.

ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. ಯಾವ ಮೇಷ್ಟ್ರು ಬರೆದುಕೊಟ್ಟಿದ್ದು ಎಂದು ತೀರ್ಪುಗಾರರು ಮೂರು ಹುಡುಗಿಯರನ್ನೂ ಬೇರೆ ಬೇರೆಯಾಗಿ ಕೇಳಿದರು. ಬಹುಮಾನ ಹೊಗೆ ಉಗುಳುವ ಒಂದು ಮಣ್ಣಿನ ಜ್ವಾಲಾಮುಖಿಗೆ ಹೋಯಿತು. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ವಾಪಸು ಹೊರಟೆವು. ಊರು ಹತ್ತಿರ ಬಂದ ಮೇಲೆ ಮಂಡಿ ಹುಡುಗಿ, "ಇಲ್ಲಿ ಜ್ವಾಲಾಮುಖಿ ಎಲ್ಲಿದೆ ಟೀಚರ್?" ಎಂದು ಸಿಟ್ಟಿನಿಂದ ಕೇಳಿದಳು.

ತಾತ ಒಂದು ಸಲ ಒಪ್ಪಿದರೆಂದು ಎಲ್ಲ ಸುಗಮವಾಗಲಿಲ್ಲ. ಫಲಿತಾಂಶ ಬಂದ ಮೇಲೆ ಗೌರಿಬಿದನೂರಿನವರು ಮತ್ತೆ ಬಂದರು, ಯಜಮಾನರ ಮನಸ್ಸು ಮತ್ತೆ ಅಲ್ಲಾಡಿತು. ಅಜ್ಜಿ ಅವರೊಡನೆ ಮಾತು ಬಿಟ್ಟರು. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರಂತೆ. ಗೋಡೆ ಯಜಮಾನರಿಗೆ ಹೇಳಬೇಕು. ಈ ಏರ್ಪಾಡು ಅವರಿಗೆ ಸಹಿಸಲಾಗಲಿಲ್ಲ. ಹುಡುಗಿ ಪಿಯುಸಿಗೆ ಬೆಂಗಳೂರಿನ ಸೋದರತ್ತೆಯ ಮನೆಗೆ ಹೋದಳು. ಮರುವರ್ಷ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಆ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಯಜಮಾನರು ನನ್ನ ಮನೆಗೇ ಬಂದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಕಾಲೇಜಿನ ವರ್ಕ್‌ಶಾಪಿನಲ್ಲಿ ಕುಲುಮೆ, ಗರಗಸದ ಕೆಲಸವಿರುತ್ತದೆ, ಸೀರೆ ಉಟ್ಟು ಬರಕೂಡದು, ಖಾಕಿ ಉಡುಪು ಬೇಕು ಎಂದಿದ್ದರಂತೆ. ಚಿಂತಾಮಣಿಯ ದರ್ಜಿ ಹುಡುಗಿಗೆ ಪ್ಯಾಂಟು ಹೊಲಿಯಲು ಒಲ್ಲೆ ಎಂದಿದ್ದ. ನೀನು ಬಂದು ಹೇಳಬೇಕು ಎಂದು ಹುಡುಗಿಯ ಜೊತೆ ನನ್ನನ್ನೂ ಹೊರಡಿಸಿದರು.

ದರ್ಜಿ ನಮ್ಮನ್ನು ಕಂಡು ತಲೆ ಕೆರೆದುಕೊಂಡ. "ಪೊಲೀಸ್‌ನೋರಿಗೆ ಹೊಲ್ದಿದೀನಿ, ಬಸ್ ಕಂಡಕ್ಟರಿಗೆ ಹೊಲ್ದಿದೀನಿ ಯಜಮಾನ್ರೇ. ಹೆಣ್ಮಗೂಗೆ ಹೆಂಗೆ ಕತ್ತರಿಸ್ಬೇಕು ಅಂತ ನಂಗೊತ್ತಿಲ್ಲ."

ಅಳತೆ ನಾವೇ ತೆಗೆದುಕೊಡುತ್ತೇವೆ ಎಂದ ಮೇಲೆ ಒಪ್ಪಿದ. ನಾನೂ ಹುಡುಗಿಯೂ ಒಳಕೋಣೆಯಲ್ಲಿ ಟೇಪು ಹಿಡಿದು ಅಳೆದೆವು. ಹೊರಗೆ ಬೆಂಚಿನ ಮೇಲೆ ಬೇರೆ ಗಿರಾಕಿಗಳು ಕೂತಿದ್ದರು. ಖಾಕಿ ಯಾರಿಗೆ ಎಂದು ಒಬ್ಬರು ವಿಚಾರಿಸಿದರು. ಯಜಮಾನರು ಮೀಸೆ ಒರೆಸಿಕೊಂಡರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಹುಡುಗಿ ಟೇಪಿನ ತುದಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.

"ನಮ್ ಮೊಮ್ಮಗಳಿಗೆ" ಎಂದರು. ಆಮೇಲೆ ಎದ್ದು ದರ್ಜಿಯ ಮೇಜಿನ ಹತ್ತಿರ ಹೋಗಿ ಖಾಕಿ ಬಟ್ಟೆಯ ಮೇಲೆ ಅಂಗೈ ಅಗಲಿಸಿ ಇಟ್ಟರು. "ಜೇಬು ಇಷ್ಟು ಅಗಲ ಇಡಪ್ಪ, ಎರಡು ಕಡೀಗೂ. ಕೆಲ್ಸದ ಸಾಮಾನೆಲ್ಲಾ ಅದ್ರಲ್ಲೇ ಇಟ್ಕೋಬೇಕಲ್ಲ ಅವಳು."